ಕಾರ್ಬನ್‌ನಿಂದ ಐದು ಪದರದ ಮರಕ್ಕೆ: ಒಬ್ಬ ಆಟಗಾರ್ತಿಯ ಬ್ಲೇಡ್ ಆಯ್ಕೆ

ಚೆಂಡು ನೆಟ್‌ಗೆ ಬೀಳುತ್ತಿದ್ದರೆ ಬ್ಲೇಡ್‌ಗೆ (ರಬ್ಬರ್ ಅಂಟಿಸುವ ಬ್ಯಾಟಿನ ಹಲಗೆಗೆ) ವೇಗ ಸಾಲದು, ಟೇಬಲ್ ದಾಟಿ ಹೋಗುತ್ತಿದ್ದರೆ ವೇಗ ಹೆಚ್ಚಾಯಿತು ಎಂಬ ಲೆಕ್ಕಾಚಾರ ಟೇಬಲ್ ಟೆನಿಸ್ ಆಡುವವರಲ್ಲಿ ಬೇರೂರಿದೆ. ಈ ಪ್ರಕರಣದಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿತ್ತು, ಎರಡಕ್ಕೂ ಕಾರಣ ಒಂದೇ ಆಗಿತ್ತು. ಅದನ್ನು ಹುಡುಕಿದ ಬಗೆ, ಮರದ ಬ್ಲೇಡ್‌ಗೆ ಬಂದ ದಾರಿ, ನಡುವೆ ಆದ ತಪ್ಪು, ಎಲ್ಲವನ್ನೂ ಇಲ್ಲಿ ಬಿಡಿಸಿಟ್ಟಿದೆ. ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ದಾಖಲೆಯಲ್ಲ. ತರಬೇತಿಯಲ್ಲಿ ಪದೇ ಪದೇ ಎದುರಾಗುವ ಸ್ಥಿತಿಯನ್ನು ಒಬ್ಬ ಆಟಗಾರ್ತಿಯ ರೂಪದಲ್ಲಿ ಕಟ್ಟಿಕೊಟ್ಟಿದೆ. ಅಂಕಿಗಳನ್ನು ಅಳೆಯುವ ಕ್ರಮ ತಿಳಿಯಲೆಂದು ಇಟ್ಟಿದೆ.

ಸ್ಥಿತಿ

ಆಟಗಾರ್ತಿಗೆ 17 ವರ್ಷ. ಬಲಗೈ, ಶೇಕ್‌ಹ್ಯಾಂಡ್ ಹಿಡಿತ (ಕೈ ಕುಲುಕುವಂತೆ ಹಿಡಿಯುವ ಬಗೆ). ನಾಲ್ಕು ವರ್ಷದ ಅಭ್ಯಾಸ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ಸುತ್ತಿಸುವ ಹೊಡೆತ) ಅವಳ ಮುಖ್ಯ ಅಸ್ತ್ರ. ಬ್ಯಾಕ್‌ಹ್ಯಾಂಡ್‌ನಲ್ಲಿ ಟೇಬಲ್ ಹತ್ತಿರವೇ ನಿಂತು ಬ್ಲಾಕ್ ಮಾಡುತ್ತಾಳೆ (ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡು ಹಿಂದಿರುಗಿಸುವುದು), ಅವಕಾಶ ಸಿಕ್ಕರೆ ಚಿಕ್ಕ ಲೂಪ್ (ಚೆಂಡನ್ನು ಉಜ್ಜಿ ಎತ್ತುವ ಟಾಪ್‌ಸ್ಪಿನ್). ಮೊದಲ ಮೂರು ವರ್ಷ ಐದು ಪದರದ ಆಲ್‌ರೌಂಡ್ (ಮಧ್ಯಮ ವೇಗದ) ಬ್ಲೇಡ್‌ನಲ್ಲಿ ಆಡಿದಳು. ಆಮೇಲೆ ಹೊರಪದರದ ಕೆಳಗೇ ಕಾರ್ಬನ್ ನಾರಿನ ಪದರ ಇರುವ ಆಫ್ ಪ್ಲಸ್ (ಅತಿ ವೇಗದ) ದರ್ಜೆಯ ಬ್ಲೇಡ್ ಕೈಗೆ ಬಂತು, ಅದರ ಮೇಲೆ ಎರಡೂ ಕಡೆ ಗಟ್ಟಿ ಸ್ಪಂಜಿನ, ಗರಿಷ್ಠ ದಪ್ಪದ ಟೆನ್ಸರ್ (ಬಿಗಿತ ತುಂಬಿ ವೇಗ ಹೆಚ್ಚಿಸಿದ) ರಬ್ಬರ್.

ಬ್ಯಾಟ್ ತೂಗಿದಾಗ ಬಂದದ್ದು 194 ಗ್ರಾಂ. ಬ್ಲೇಡ್ 90, ಫೋರ್‌ಹ್ಯಾಂಡ್ ರಬ್ಬರ್ 51, ಬ್ಯಾಕ್‌ಹ್ಯಾಂಡ್ ರಬ್ಬರ್ 50, ಅಂಟು ಮತ್ತು ಅಂಚಿನ ಟೇಪ್ ಸೇರಿ 3.

ಒಂದು ವರ್ಷದ ನಂತರ ದೂರುಗಳು ಹೀಗಿದ್ದವು. ಶಾರ್ಟ್ ಸರ್ವ್‌ಗೆ ಪುಶ್ (ಚೆಂಡಿನ ಕೆಳಗೆ ಮೆಲ್ಲಗೆ ಉಜ್ಜಿ ತಳ್ಳುವುದು) ಮಾಡಿದರೆ ಚೆಂಡು ಮೇಲೆದ್ದು ಉದ್ದವಾಗಿ ಹೋಗುತ್ತದೆ, ಎದುರಾಳಿಗೆ ಹಬ್ಬ. ಜೋರಾದ ಟಾಪ್‌ಸ್ಪಿನ್ ಬ್ಲಾಕ್ ಮಾಡಿದರೆ ಟೇಬಲ್ ದಾಟುತ್ತದೆ. ಆದರೆ ಬ್ಯಾಕ್‌ಸ್ಪಿನ್ (ಹಿಮ್ಮುಖವಾಗಿ ಸುತ್ತುವ) ಚೆಂಡಿನ ಮೇಲೆ ಮೊದಲ ಲೂಪ್ ಎತ್ತುವಾಗ ಮಾತ್ರ ಚೆಂಡು ನೆಟ್‌ಗೆ. ಎರಡನೇ ಗಂಟೆಯ ಹೊತ್ತಿಗೆ ಮುಂಗೈ ಬಿಗಿಯುತ್ತದೆ, ಹೊಡೆತ ತಡವಾಗುತ್ತದೆ. ಅವಳು ಯೋಚಿಸಿದ್ದ ಪರಿಹಾರ ಇನ್ನೂ ಗಟ್ಟಿಯಾದ ಫೋರ್‌ಹ್ಯಾಂಡ್ ರಬ್ಬರ್: ಲೂಪ್ ನೆಟ್‌ಗೆ ಬೀಳುತ್ತಿದೆಯಲ್ಲ, ಶಕ್ತಿ ಬೇಕು ಎಂದು.

ವೇಗದ ಬ್ಲೇಡ್‌ನಲ್ಲಿ ಚೆಂಡು ನೆಟ್‌ಗೆ ಏಕೆ ಬೀಳುತ್ತದೆ

ಇಡೀ ಪ್ರಕರಣದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಬ್ಯಾಕ್‌ಸ್ಪಿನ್ ಚೆಂಡನ್ನು ಎತ್ತಬೇಕಾದರೆ ಬ್ಯಾಟ್ ಚೆಂಡಿನ ಹಿಂಭಾಗವನ್ನು ಮೇಲ್ಮುಖವಾಗಿ ವೇಗದಿಂದ ಉಜ್ಜಬೇಕು. ಚೆಂಡು ರಬ್ಬರಿನ ಮೇಲೆ ಇರುವುದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಒಳಬರುವ ಸುತ್ತನ್ನು ನಿಲ್ಲಿಸಿ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಇದಕ್ಕೆ ಬೇಕಾದದ್ದು ಬ್ಯಾಟಿನ ವೇಗ. ಈಗ ಆಟಗಾರ್ತಿಯ ಕೈಯಲ್ಲಿರುವ ಬ್ಯಾಟ್ ಪೂರ್ತಿ ಬೀಸಿದರೆ ಚೆಂಡನ್ನು ಟೇಬಲ್ ಆಚೆ ಎಸೆಯುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಸಲ ಹಾಗಾದ ಮೇಲೆ ಕೈ ತನ್ನಷ್ಟಕ್ಕೆ ತಾನೇ ಕಲಿಯುತ್ತದೆ: ಬೀಸು ಚಿಕ್ಕದಾಗುತ್ತದೆ, ಚೆಂಡಿಗೆ ತಾಗುವ ಮೊದಲೇ ವೇಗ ಇಳಿಯುತ್ತದೆ, ಬ್ಯಾಟಿನ ಮುಖ ಕೆಳಕ್ಕೆ ಮುಚ್ಚಿಕೊಳ್ಳುತ್ತದೆ. ಉಜ್ಜುವಿಕೆ ಕಡಿಮೆಯಾಗಿ ಸ್ಪಿನ್ ಹುಟ್ಟುವುದಿಲ್ಲ, ಒಳಬಂದ ಬ್ಯಾಕ್‌ಸ್ಪಿನ್ ಗೆಲ್ಲುತ್ತದೆ, ಚೆಂಡು ನೆಟ್‌ಗೆ. ನಿಧಾನದ ಬ್ಲೇಡ್‌ನಲ್ಲಿ ಇದೇ ಆಟಗಾರ್ತಿ ಭಯವಿಲ್ಲದೆ ಪೂರ್ತಿ ಬೀಸುತ್ತಿದ್ದಳು, ಚೆಂಡು ದಾಟುತ್ತಿತ್ತು.

ಗುರುತಿಸುವುದು ಕಷ್ಟವಲ್ಲ. ಬದಿಯಿಂದ ವೀಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿ, ಚೆಂಡು ತಾಗಿದ ನಂತರ ಕೈ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಬೇಕು. ಅವಳ ಕೈ ಎದೆಯ ಎತ್ತರದಲ್ಲೇ ತಡೆದು ನಿಲ್ಲುತ್ತಿತ್ತು. ಹಳೆಯ ಆಲ್‌ರೌಂಡ್ ಬ್ಯಾಟ್ ಕೊಟ್ಟು ಅದೇ ಚೆಂಡು ಹಾಕಿದಾಗ ಕೈ ಹಣೆಯವರೆಗೆ ಹೋಯಿತು. ಕೌಶಲ ಕಳೆದುಹೋಗಿರಲಿಲ್ಲ, ಬ್ಯಾಟ್ ಅದಕ್ಕೆ ಕಡಿವಾಣ ಹಾಕಿತ್ತು.

ದೋಷ ರಬ್ಬರಿನದೋ, ಬ್ಲೇಡಿನದೋ

ಎರಡನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಎಂದೂ ತಿಳಿಯುವುದಿಲ್ಲ. ಹಾಗಾಗಿ ಮೊದಲು ಅದೇ ಕಾರ್ಬನ್ ಬ್ಲೇಡ್ ಮೇಲೆ ಮಧ್ಯಮ ಸ್ಪಂಜಿನ ರಬ್ಬರ್ ಅಂಟಿಸಲಾಯಿತು: ಫೋರ್‌ಹ್ಯಾಂಡ್‌ಗೆ 2.0 ಮಿ.ಮೀ., ಕತ್ತರಿಸಿದ ಮೇಲೆ 46 ಗ್ರಾಂ, ಬ್ಯಾಕ್‌ಹ್ಯಾಂಡ್‌ಗೆ 1.8 ಮಿ.ಮೀ., 43 ಗ್ರಾಂ. ಬ್ಯಾಟ್ 182 ಗ್ರಾಂಗೆ ಇಳಿಯಿತು.

ನಾಲ್ಕು ಪರೀಕ್ಷೆ, ಪ್ರತಿಯೊಂದಕ್ಕೂ 40 ಚೆಂಡು, ಮಲ್ಟಿಬಾಲ್‌ನಲ್ಲಿ (ಒಂದರ ಹಿಂದೊಂದು ಚೆಂಡು ಹಾಕುತ್ತ ಹೋಗುವ ಅಭ್ಯಾಸ) ಒಬ್ಬರೇ ಚೆಂಡು ಹಾಕಿದರು:

- ಶಾರ್ಟ್ ಪುಶ್. ಎದುರಿನ ಅರ್ಧದಲ್ಲಿ ಚೆಂಡು ಎರಡು ಸಲ ಪುಟಿದರೆ ಮಾತ್ರ ಸರಿ.
- ಉದ್ದದ ಬ್ಯಾಕ್‌ಸ್ಪಿನ್ ಮೇಲೆ ಮೊದಲ ಲೂಪ್. ಟೇಬಲ್ ಮೇಲೆ ಬಿದ್ದರೆ ಸರಿ.
- ಟಾಪ್‌ಸ್ಪಿನ್‌ಗೆ ಬ್ಯಾಕ್‌ಹ್ಯಾಂಡ್ ಬ್ಲಾಕ್. ಎದುರಿನ ಅರ್ಧದ ಹಿಂದಿನ ಭಾಗದಲ್ಲಿ ಬಿದ್ದರೆ ಸರಿ.
- ಟೇಬಲ್‌ನಿಂದ ಎರಡು ಮೀಟರ್ ಹಿಂದೆ ನಿಂತು ಫೋರ್‌ಹ್ಯಾಂಡ್ ಟಾಪ್‌ಸ್ಪಿನ್. ಇದಕ್ಕೂ ಅದೇ ಹಿಂದಿನ ಭಾಗದ ಗುರಿ.

ಹಳೆಯ ಗಟ್ಟಿ ರಬ್ಬರ್ ಇದ್ದಾಗ ಕ್ರಮವಾಗಿ 17, 22, 24, 26. ಮಧ್ಯಮ ರಬ್ಬರ್ ಹಾಕಿದ ಮೇಲೆ 20, 23, 26, 27. ಸುಧಾರಿಸಿತು ಎನಿಸಬಹುದು, ಆದರೆ 40 ಚೆಂಡಿನ ಪರೀಕ್ಷೆಯಲ್ಲಿ ಮೂರು ನಾಲ್ಕು ಚೆಂಡಿನ ಅಂತರ ದಿನದಿಂದ ದಿನಕ್ಕೆ ಬರುವ ಏರಿಳಿತದೊಳಗೇ ಇರುತ್ತದೆ. ಇಂಥ ಅಂತರವನ್ನು ನಂಬಿ ಸಲಕರಣೆ ಕೊಳ್ಳಬಾರದು. ಒಂದು ಬದಲಾವಣೆ ಮಾತ್ರ ಸ್ಪಷ್ಟವಾಗಿತ್ತು: 12 ಗ್ರಾಂ ಇಳಿದದ್ದಕ್ಕೆ ಮುಂಗೈ ಬಿಗಿತ ಕಡಿಮೆಯಾಯಿತು. ಉಳಿದದ್ದು ಬ್ಲೇಡ್‌ನ ಪಾಲು. (ಭಾರ ಇಳಿಸಿದ ಮೇಲೂ ನೋವು ಉಳಿದಿದ್ದರೆ ಅದು ಬ್ಲೇಡ್‌ನ ವಿಷಯವಲ್ಲ, ವೈದ್ಯರಿಗೆ ತೋರಿಸಬೇಕಾದ್ದು.)

ಮೊದಲು ತೂಕ

ಬ್ಲೇಡ್ ಹುಡುಕುವವರು ಸಾಮಾನ್ಯವಾಗಿ ಮರದ ಹೆಸರಿನಿಂದ, ಇಲ್ಲವೇ ಆಟಗಾರರ ಹೆಸರಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ತಕ್ಕಡಿಯಿಂದ.

ಅವಳು ಹಳೆಯ ಬ್ಯಾಟ್‌ನಲ್ಲಿ ಎರಡು ಗಂಟೆ ಸುಸ್ತಿಲ್ಲದೆ ಆಡುತ್ತಿದ್ದಾಗ ಅದರ ತೂಕ 174 ಗ್ರಾಂ. ಈಗ ಕೈಗೆ ಇನ್ನಷ್ಟು ಬಲ ಬಂದಿದೆ, ಆದ್ದರಿಂದ ಗುರಿ 176, ಮಿತಿ 178 ಎಂದು ಇಟ್ಟುಕೊಂಡದ್ದು. ಇನ್ನು ಹಿಂದಕ್ಕೆ ಕಳೆಯುತ್ತ ಬರಬೇಕು: 176ರಲ್ಲಿ ರಬ್ಬರ್ 89, ಅಂಟು ಮತ್ತು ಟೇಪ್ 3. ಬ್ಲೇಡ್‌ಗೆ ಉಳಿದದ್ದು 84 ಗ್ರಾಂ. ಮಿತಿ 178 ಆದ್ದರಿಂದ 86 ದಾಟುವಂತಿಲ್ಲ.

ರಬ್ಬರಿನ ಒಂದು ಗ್ರಾಂ ಮತ್ತು ಬ್ಲೇಡಿನ ಒಂದು ಗ್ರಾಂ ಕೈಗೆ ಒಂದೇ ಅಲ್ಲ. ಹಿಡಿತದ ನಡುಭಾಗದಿಂದ ಅಳೆದರೆ ರಬ್ಬರಿನ ಭಾರ ಸುಮಾರು 12 ಸೆಂ.ಮೀ. ದೂರದಲ್ಲಿರುತ್ತದೆ. ಬರಿಯ ಬ್ಲೇಡಿನ ಭಾರದ ಕೇಂದ್ರ, ಹಿಡಿಯೂ ಅದರಲ್ಲಿ ಸೇರಿರುವುದರಿಂದ, 7ರಿಂದ 8 ಸೆಂ.ಮೀ. ದೂರದಲ್ಲಿ. ಅಂದರೆ ರಬ್ಬರಿನಲ್ಲಿ ಹೆಚ್ಚಿದ ಒಂದು ಗ್ರಾಂ ಕೈಗೆ ಬ್ಲೇಡಿನ ಒಂದೂವರೆ ಗ್ರಾಂನಷ್ಟು ಜಗ್ಗುತ್ತದೆ, ಬೀಸುವಾಗ ಇನ್ನೂ ಹೆಚ್ಚು. ಹಗುರ ಬ್ಲೇಡ್ ಕೊಂಡು ಅದರ ಮೇಲೆ 51 ಗ್ರಾಂನ ರಬ್ಬರ್ ಅಂಟಿಸುವುದು ಉಳಿಸಿದ್ದನ್ನು ತುದಿಯಲ್ಲಿ ಕಳೆದುಕೊಂಡಂತೆ. ಹಿಡಿಯ ತುದಿಗೆ ಸೀಸದ ಪಟ್ಟಿ ಸುತ್ತಿ ಸಮತೋಲ ಸರಿಮಾಡುವ ಉಪಾಯವೂ ಇದೆ. ತುದಿ ಭಾರ ಎನಿಸುವುದು ಅದರಿಂದ ಕಡಿಮೆಯಾಗುತ್ತದೆ ನಿಜ, ಆದರೆ ಒಟ್ಟು ಭಾರ ಏರುತ್ತದೆ. ಈಗಾಗಲೇ ಭಾರದಿಂದ ಬಳಲಿದ ಕೈಗೆ ಅದು ಸಲ್ಲದು.

ಆಮೇಲೆ ದಪ್ಪ, ಕೊನೆಗೆ ಮರ

ಹಲಗೆ ಬಾಗುವುದಕ್ಕೆ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಮರ ಅದೇ ಆದರೂ 5.7 ಮಿ.ಮೀ.ನಿಂದ 6.0ಗೆ ಹೋದರೆ ಬಿಗಿತ ಸುಮಾರು 17 ಶೇಕಡ ಹೆಚ್ಚು, 6.6ಕ್ಕೆ ಹೋದರೆ 55 ಶೇಕಡ ಹೆಚ್ಚು. ಕಣ್ಣಿಗೆ ಒಂದು ಉಗುರಿನ ದಪ್ಪದ ವ್ಯತ್ಯಾಸ, ಕೈಗೆ ಬೇರೆಯೇ ಬ್ಲೇಡ್. ಬಿಗಿತ ಹೆಚ್ಚಿದಷ್ಟೂ ಬ್ಲೇಡ್ ಬಾಗುವುದರಲ್ಲಿ ವ್ಯಯವಾಗುವ ಶಕ್ತಿ ಕಡಿಮೆ, ಚೆಂಡಿಗೆ ಹಿಂದಿರುಗುವುದು ಹೆಚ್ಚು.

ಕಾರ್ಬನ್ ಎಲ್ಲಿ ಕೂತಿದೆ ಎಂಬುದು ಮುಖ್ಯವಾಗುವುದೂ ಇದೇ ಕಾರಣಕ್ಕೆ. ಬಾಗುವಾಗ ಹಲಗೆಯ ನಟ್ಟನಡುವಿನ ಎಳೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಲ್ಲಿಂದ ದೂರ ಹೋದಷ್ಟೂ ಎಳೆಯ ಪ್ರಭಾವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೊರಪದರದ ಕೆಳಗೇ ಇರುವ ಕಾರ್ಬನ್ ಇಡೀ ಬ್ಲೇಡನ್ನು ಬಿಗಿ ಮಾಡುತ್ತದೆ, ನಡುಪದರಕ್ಕೆ ಅಂಟಿಕೊಂಡಿರುವ ಕಾರ್ಬನ್ ಅಷ್ಟು ಮಾಡುವುದಿಲ್ಲ. ಅವಳ ಬ್ಲೇಡ್ ಮೊದಲನೆಯ ಬಗೆಯದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85 ಶೇಕಡ ಸಹಜ ಮರವೇ ಇರಬೇಕು. ನಾರಿನ ಒಂದು ಪದರ ಒಟ್ಟು ದಪ್ಪದ 7.5 ಶೇಕಡ ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಷ್ಟು ತೆಳುವಾದ ಪದರ ಆಟವನ್ನು ಇಷ್ಟು ಬದಲಿಸುವುದು ಅದರ ಜಾಗದ ಬಲದಿಂದ.

ಮರದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಹೊರಪದರ. ಲಿಂಬಾ ಮೆತ್ತಗಿನ ಸ್ಪರ್ಶದ ಮರ, ಚೆಂಡು ತುಸು ಒಳಗಿಳಿದು ಹೋದಂತೆ ಅನಿಸುತ್ತದೆ, ಲೂಪ್ ಮಾಡುವವರಿಗೆ ಹಿತ. ಕೋಟೊ ಗಟ್ಟಿ, ಎಳೆ ಸಣ್ಣ, ಚೆಂಡು ಚುರುಕಾಗಿ ಬಿಟ್ಟುಹೋಗುತ್ತದೆ. ಹಿನೋಕಿಯ ಗುಣ ವಿಶೇಷ: ಮೆಲ್ಲಗೆ ಮುಟ್ಟಿದರೆ ಮೆದು, ಬಲವಾಗಿ ಹೊಡೆದರೆ ಚಿಮ್ಮುತ್ತದೆ. ಜಪಾನೀ ಪೆನ್‌ಹೋಲ್ಡ್ (ಪೆನ್ನಿನಂತೆ ಬ್ಯಾಟ್ ಹಿಡಿಯುವ) ಆಟಗಾರರು ಒಂದೇ ಪದರದ ದಪ್ಪ ಹಿನೋಕಿ ಹಲಗೆಯನ್ನು ಬಿಡದೆ ಹಿಡಿದದ್ದು ಇದಕ್ಕೇ. ಆದರೆ ಟೇಬಲ್ ಅಂಚಿಗೆ ತಾಗಿದರೆ ಸುಲಭವಾಗಿ ತಗ್ಗು ಬೀಳುತ್ತದೆ. ನಡುಪದರಕ್ಕೆ ಹೆಚ್ಚಾಗಿ ಅಯೂಸ್ ಬಳಸುತ್ತಾರೆ, ಹಗುರ ಬೇಕಾದಲ್ಲಿ ಕಿರಿ ಎಂಬ ಮರ. ಸಾಮಾನ್ಯ ಐದು ಪದರದ ಬ್ಲೇಡ್‌ನಲ್ಲಿ ಹೊರಪದರದ ಎಳೆ ಹಿಡಿಯ ಉದ್ದಕ್ಕೆ, ಅದರ ಕೆಳಗಿನದು ಅಡ್ಡಕ್ಕೆ, ನಡುವಿನದು ಮತ್ತೆ ಉದ್ದಕ್ಕೆ ಇರುತ್ತದೆ. ಹೀಗೆ ಅಡ್ಡಹಾಯಿಸಿ ಅಂಟಿಸದಿದ್ದರೆ ತೇವಕ್ಕೆ ಹಲಗೆ ಸೊಟ್ಟಗಾಗುತ್ತದೆ.

ತಯಾರಕರು ಮುದ್ರಿಸುವ ವೇಗ, ನಿಯಂತ್ರಣದ ಅಂಕಗಳನ್ನು ಈ ಪ್ರಕರಣದಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಬ್ಬ ತಯಾರಕರ ಅಳತೆಗೋಲಿನ ಎಂಟು ಇನ್ನೊಬ್ಬರ ಎಂಟಲ್ಲ.

ಮೂರು ಬ್ಲೇಡ್, ಅವೇ ರಬ್ಬರ್

ಪರೀಕ್ಷೆಗೆ ಮೂರು ಬಗೆ ಸಿದ್ಧವಾದವು. ಮೂರರ ತಲೆಯ ಅಳತೆಯೂ 157 x 150 ಮಿ.ಮೀ., ಹಾಗಾಗಿ ಕತ್ತರಿಸಿದ ರಬ್ಬರನ್ನೇ ಒಂದರಿಂದ ಇನ್ನೊಂದಕ್ಕೆ ಬದಲಿಸಲು ಸಾಧ್ಯವಾಯಿತು. ಹಿಡಿ ಮೂರರದ್ದೂ ಫ್ಲೇರ್ಡ್ (ತುದಿಯಲ್ಲಿ ಅಗಲವಾಗುವ ಆಕಾರ).

ಮೊದಲನೆಯದು ಐದು ಪದರ, ಲಿಂಬಾ ಹೊರಪದರ, ಅಯೂಸ್ ನಡು, 5.7 ಮಿ.ಮೀ., 84 ಗ್ರಾಂ. ಯಸಾಕಾ ಕಂಪನಿಯ ಸ್ವೀಡನ್ ಎಕ್ಸ್‌ಟ್ರಾ ಬಲ್ಲವರಿಗೆ ಈ ಬಗೆಯ ಪರಿಚಯ ಇರುತ್ತದೆ. ಎರಡನೆಯದು ಐದು ಪದರ, ಕೋಟೊ ಹೊರಪದರ, 6.0 ಮಿ.ಮೀ., 87 ಗ್ರಾಂ. ಮೂರನೆಯದು ಏಳು ಪದರ, 6.6 ಮಿ.ಮೀ., 91 ಗ್ರಾಂ. ಸ್ಟಿಗಾ ಕಂಪನಿಯ ಕ್ಲಿಪ್ಪರ್‌ನಿಂದ ಹೆಸರಾದ ಬಗೆ. ಎರಡನೆಯದೂ ಮೂರನೆಯದೂ ತೂಕದ ಮಿತಿ ದಾಟಿದ್ದವು. ಆದರೂ ಸ್ಪರ್ಶ ಹೋಲಿಸಲು ಸೇರಿಸಿದ್ದು.

ಬರಿಯ ಬ್ಲೇಡನ್ನು ಹಿಡಿಯಲ್ಲಿ ಸಡಿಲವಾಗಿ ಹಿಡಿದು ನಡುಭಾಗದ ಮೇಲೆ ಚೆಂಡು ಪುಟಿಸಿ, ಆ ಸದ್ದನ್ನು ಫೋನಿನ ಆವರ್ತನ ಅಳೆಯುವ ಆ್ಯಪ್‌ನಲ್ಲಿ ನೋಡಿದರೆ ಒಂದು ಎತ್ತರದ ಶಿಖರ ಕಾಣುತ್ತದೆ. ಕ್ರಮವಾಗಿ 1150, 1270, 1340 ಹರ್ಟ್ಜ್. ಸ್ವರ ಏರಿದಷ್ಟೂ ಭಾರಕ್ಕೆ ಹೋಲಿಸಿದ ಬಿಗಿತ ಹೆಚ್ಚು. ಇದು ಆಟದ ಗುಣ ಹೇಳುವ ಸಂಖ್ಯೆಯಲ್ಲ, ಒಂದು ಹಲಗೆಯನ್ನು ಇನ್ನೊಂದರ ಜೊತೆ ಹೋಲಿಸುವ ಸಾಧನ ಮಾತ್ರ. ರಬ್ಬರ್ ಅಂಟಿಸಿದ್ದನ್ನೂ ಅಂಟಿಸದ್ದನ್ನೂ ಹೋಲಿಸಿದರೆ ಅರ್ಥವಿಲ್ಲ.

ಪ್ರತಿ ಬ್ಲೇಡ್‌ಗೂ ನಾಲ್ಕು ದಿನದ ಅಭ್ಯಾಸ. ಮೊದಲ ದಿನದ್ದನ್ನು ಎಣಿಸಲಿಲ್ಲ, ಕೈ ಒಗ್ಗುವುದಕ್ಕೆ ಬಿಟ್ಟದ್ದು. ಎಣಿಕೆ ನಾಲ್ಕನೇ ದಿನ. ಮೂರೂ ಮುಗಿದ ಮೇಲೆ ಮೊದಲನೆಯದನ್ನು ಮತ್ತೊಮ್ಮೆ ಕೊಡಲಾಯಿತು. ಇದನ್ನು ಯಾರೂ ಬಿಡಬಾರದು. ಅಭ್ಯಾಸ ನಡೆಯುತ್ತಿರುವುದರಿಂದ ಆಟಗಾರ್ತಿಯೇ ಸುಧಾರಿಸುತ್ತಿರುತ್ತಾಳೆ, ಕೊನೆಗೆ ಆಡಿದ ಬ್ಲೇಡ್‌ಗೆ ಸುಮ್ಮನೆ ಲಾಭ ಸಿಗುತ್ತದೆ.

ಪುಶ್, ಲೂಪ್, ಬ್ಲಾಕ್, ಹಿಂದಿನಿಂದ ಟಾಪ್‌ಸ್ಪಿನ್, ಈ ಕ್ರಮದಲ್ಲಿ ಫಲ:

- ಲಿಂಬಾ, ಐದು ಪದರ: 27, 30, 31, 20
- ಕೋಟೊ, ಐದು ಪದರ: 23, 28, 28, 26
- ಏಳು ಪದರ: 21, 25, 33, 28
- ಲಿಂಬಾ, ಎರಡನೇ ಸಲ: 29, 32, 32, 24

ಏಳು ಪದರದ್ದು ಬ್ಲಾಕ್ ಮತ್ತು ನೇರ ಹೊಡೆತದಲ್ಲಿ ನಿಜವಾಗಿ ಚೆನ್ನಾಗಿತ್ತು. ದಪ್ಪ ಮರದ ಗಟ್ಟಿತನ ಎದುರಾಳಿಯ ವೇಗಕ್ಕೆ ಅಲುಗದೆ ನಿಲ್ಲುತ್ತದೆ. ಟೇಬಲ್ ಬಿಡದೆ ಹೊಡೆದು ಆಡುವವಳಾಗಿದ್ದರೆ ತೂಕ ಕಡಿಮೆಯ ಒಂದು ಏಳು ಪದರದ ಹಲಗೆ ಹುಡುಕುವುದು ಸರಿಯಾಗುತ್ತಿತ್ತು. ಆದರೆ ಮೊದಲ ಲೂಪ್ 25ರಲ್ಲೇ ನಿಂತಿತು, ವೀಡಿಯೊದಲ್ಲಿ ಕೈ ಮತ್ತೆ ಎದೆಯ ಬಳಿ ತಡೆಯುತ್ತಿತ್ತು. ಕಾರ್ಬನ್ ಹೋದರೂ ಭಯ ಹೋಗಿರಲಿಲ್ಲ.

ಕೋಟೊ ಆಕರ್ಷಕವಾಗಿ ಕಾಣುವ ನಡುದಾರಿ. ಬ್ಲಾಕ್ ಬಿಟ್ಟರೆ ಎಲ್ಲದರಲ್ಲೂ ಮಧ್ಯಮ, ಯಾವುದರಲ್ಲೂ ತೀರ ಕೆಟ್ಟದಲ್ಲ. ತರಬೇತುದಾರರ ಒಲವೂ ಅದರ ಕಡೆಗಿತ್ತು. ನಿರ್ಣಯ ಲಿಂಬಾದ ಕಡೆ ಹೋದದ್ದು ಎರಡು ಕಾರಣಕ್ಕೆ. ಲಿಂಬಾ ಸೋತದ್ದು ಒಂದೇ ಕಡೆ, ಟೇಬಲ್‌ನಿಂದ ಹಿಂದೆ ನಿಂತು ಹೊಡೆಯುವಾಗ. ಆ ಸೋಲು ಬೀಸು ಉದ್ದವಾದಂತೆ ತುಂಬಿಕೊಳ್ಳುವಂಥದ್ದು. ಎರಡನೇ ಸರದಿಯಲ್ಲಿ 20 ಇದ್ದದ್ದು 24 ಆಯಿತು. ಈ ನಾಲ್ಕು ಚೆಂಡನ್ನಷ್ಟೇ ನೋಡಿದರೆ ಏರಿಳಿತ ಎಂದು ತಳ್ಳಿಹಾಕಬಹುದು, ಆದರೆ ವೀಡಿಯೊದಲ್ಲೂ ಬೀಸು ಉದ್ದವಾಗಿತ್ತು. ಪುಶ್‌ನಲ್ಲಿ ಚೆಂಡು ಎದ್ದುಹೋಗುವುದು ಹಾಗಲ್ಲ, ಅದಕ್ಕೆ ಕೈ ಸೇರಿಸುವಂಥದ್ದು ಏನೂ ಇಲ್ಲ, ತಡೆಹಿಡಿಯುವುದಷ್ಟೇ. ಎರಡನೆಯ ಕಾರಣ ಆಟದ ಕ್ರಮ: ಸರ್ವ್ ರಿಸೀವ್ ಮಾಡುವುದು, ಮೊದಲ ಲೂಪ್ ಎತ್ತುವುದು ಪಾಯಿಂಟ್‌ನ ಮೊದಲ ಮೂರು ನಾಲ್ಕು ಹೊಡೆತದಲ್ಲಿ. ಹಿಂದಿನಿಂದ ಟಾಪ್‌ಸ್ಪಿನ್ ಹೊಡೆಯುವ ಸಂದರ್ಭ ಅದಾದ ಮೇಲೆ. ಮೊದಲ ಮೂರು ಚೆಂಡು ಟೇಬಲ್ ಮೇಲೆ ಬೀಳದಿದ್ದರೆ ಅಲ್ಲಿಗೆ ಆಟ ತಲುಪುವುದೇ ಇಲ್ಲ. ಬ್ಲೇಡನ್ನು ಆಟಗಾರ್ತಿಯ ಅತ್ಯುತ್ತಮ ಹೊಡೆತಕ್ಕೆ ಹೊಂದಿಸಬೇಕೆಂಬ ವಾದವನ್ನು ಈ ಹಂತದ ಆಟಕ್ಕೆ ಒಪ್ಪಲಾಗದು.

ಮಾದರಿ ಒಂದೇ, ಹಲಗೆ ಬೇರೆ

ಇಷ್ಟೆಲ್ಲ ಅಳೆದು ನಿರ್ಧರಿಸಿದ ಮೇಲೆ ಎಡವಿದ್ದು ಕೊಳ್ಳುವಾಗ. ಪರೀಕ್ಷೆಯ ಬ್ಲೇಡ್ ಎರವಲು ತಂದದ್ದಾಗಿತ್ತು, ಅದೇ ಮಾದರಿಯ ಹೊಸದನ್ನು ತೂಕ ಹೇಳದೆ ತರಿಸಿದ್ದಾಯಿತು. ಬಂದದ್ದು 91 ಗ್ರಾಂ. ತಟ್ಟಿದಾಗ 1230 ಹರ್ಟ್ಜ್. ದಪ್ಪ ಹೆಚ್ಚುಕಡಿಮೆ ಅದೇ, ಆದರೆ ಮರ ಹೆಚ್ಚು ಸಾಂದ್ರ, ಹೆಚ್ಚು ಬಿಗಿ. ಮಾದರಿಯ ಹೆಸರು ಒಂದೇ ಇದ್ದರೂ ಕೈಗೆ ಕೋಟೊ ಹಲಗೆಗೆ ಹತ್ತಿರದ ಬ್ಲೇಡ್. ಮರ ಬೆಳೆದ ವಸ್ತು, ಒಂದೇ ದಿಮ್ಮಿಯ ಎರಡು ಭಾಗವೂ ಒಂದೇ ತೂಕ ಬರುವುದಿಲ್ಲ. ಒಂದು ಮಾದರಿಯ ಹಲಗೆಗಳ ನಡುವೆ ಐದಾರು ಗ್ರಾಂ ಅಂತರ ಮಾಮೂಲು.

ತೆಳು ಸ್ಪಂಜು ಹಾಕಿ ಸರಿದೂಗಿಸುವ ಯೋಚನೆ ಬಂತು. ಎರಡೂ ಕಡೆ ಒಂದೊಂದು ಹಂತ ತೆಳು ಮಾಡಿದರೆ ನಾಲ್ಕೈದು ಗ್ರಾಂ ಇಳಿಯುತ್ತಿತ್ತು, ಆದರೆ ಲೂಪ್‌ಗೆ ಬೇಕಾದ ಸ್ಪಂಜು ಹೋಗಿ ಗಟ್ಟಿ ಮರ ಇನ್ನಷ್ಟು ಹತ್ತಿರ ಬರುತ್ತಿತ್ತು. ಹಿಂದಿರುಗಿಸಿದ್ದೇ ಸರಿ. ಎರಡನೇ ಸಲ 83ರಿಂದ 86 ಗ್ರಾಂ ಎಂದು ಬರೆದು ಕೇಳಿದ್ದು, ಬಂದದ್ದು 85.

ಹಲಗೆ ಕೈಗೆ ಬಂದ ಕೂಡಲೇ, ಅಂಟು ಮುಟ್ಟಿಸುವ ಮೊದಲೇ, ನೋಡಿದ್ದು ಇಷ್ಟು. ವರ್ನಿಯರ್ ಕ್ಯಾಲಿಪರ್‌ನಿಂದ ತಲೆಯ ನಾಲ್ಕು ಬದಿ ದಪ್ಪ: 5.7, 5.7, 5.8, 5.7. ಅಂತರ 0.2 ದಾಟಿದ್ದರೆ ಬೇಡ ಎನ್ನಬೇಕಿತ್ತು. ಸಮತಟ್ಟಾದ ಗಾಜಿನ ಮೇಲೆ ತಲೆಯನ್ನಿಟ್ಟು (ಹಿಡಿ ಗಾಜಿನ ಹೊರಗೆ) ಮೂಲೆ ಅದುಮಿದರೆ ಅಲುಗಬಾರದು. ಅಂಚಿನ ಸುತ್ತ ಪದರಗಳ ನಡುವೆ ಬಿರುಕು ಇರಬಾರದು. ಬೆರಳ ಗೆಣ್ಣಿನಿಂದ ತಲೆಯ ಉದ್ದಗಲಕ್ಕೂ ತಟ್ಟುತ್ತ ಹೋದರೆ ಎಲ್ಲಾದರೂ ಮೊದ್ದು ಸದ್ದು ಬಂದರೆ ಅಲ್ಲಿ ಪದರ ಅಂಟಿಲ್ಲ ಎಂದರ್ಥ. ಹೊರಪದರದ ಎಳೆ ಹಿಡಿಯಿಂದ ತುದಿಗೆ ನೇರವಾಗಿ ಓಡಬೇಕು, ಗಂಟು ಇರಬಾರದು. ಬಣ್ಣದ ಸಣ್ಣ ಗೆರೆಗಳು, ಕಪ್ಪು ಚುಕ್ಕೆಗಳು ಲಿಂಬಾದಲ್ಲಿ ಸಹಜ, ಅದಕ್ಕೆ ಹೆದರಬೇಕಿಲ್ಲ.

ಹಿಡಿಯ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲೇರ್ಡ್ ಹಿಡಿ ಕೈಯಿಂದ ಜಾರದು, ಸ್ಟ್ರೇಟ್ ಹಿಡಿಯಲ್ಲಿ ಬ್ಯಾಟನ್ನು ಬೆರಳಿನಿಂದ ತಿರುಗಿಸುವುದು ಸುಲಭ. ನಾಲ್ಕು ವರ್ಷ ಫ್ಲೇರ್ಡ್ ಹಿಡಿದ ಕೈಯನ್ನು ಬ್ಲೇಡ್ ಬದಲಿಸುವ ಹೊತ್ತಿಗೇ ಕೆದಕುವುದು ಬೇಡ.

ಸಿದ್ಧಪಡಿಸಿದ್ದು

ತೋರುಬೆರಳು ಮತ್ತು ಹೆಬ್ಬೆರಳು ಕೂರುವ ಭುಜದ ಅಂಚು ಹೊಸ ಹಲಗೆಯಲ್ಲಿ ಚೂಪಾಗಿರುತ್ತದೆ. 400ರ ಉಪ್ಪುಕಾಗದದಿಂದ ದುಂಡಗೆ ಮಾಡಿದ್ದು. ರಬ್ಬರ್ ಕೂರುವ ಮುಖವನ್ನು ಉಜ್ಜಲಿಲ್ಲ. ಹೊರಪದರ ತೆಳುವಾದದ್ದು, ಉಜ್ಜಿದಷ್ಟು ಸ್ವಭಾವ ಬದಲಾಗುತ್ತದೆ.

ಲಿಂಬಾದ ಎಳೆ ರಬ್ಬರ್ ಕೀಳುವಾಗ ಸಿಬಿರಾಗಿ ಎದ್ದುಬರುತ್ತದೆ, ಅದಕ್ಕೆ ವಾರ್ನಿಶ್ ಬೇಕು. ನೀರು ಆಧಾರಿತ ವಾರ್ನಿಶ್, ಒಂದು ಮುಖಕ್ಕೆ ಒಂದೆರಡು ಮಿ.ಲೀ. ಸಾಕು. ಸ್ಪಂಜಿನ ತುಂಡಿನಲ್ಲಿ ಅದ್ದಿ, ಹಿಂಡಿ, ಎಳೆಯ ದಿಕ್ಕಿನಲ್ಲಿ ಒಮ್ಮೆ ಸವರಿ, ಒಂದು ದಿನ ಒಣಗಲು ಬಿಡಬೇಕು. ಎರಡು ಮೂರು ಕೈ ಹೊಡೆದರೆ ಮೇಲ್ಮೈ ಗಾಜಿನಂತಾಗಿ, ಯಾವ ಮೆದುವಿಗಾಗಿ ಲಿಂಬಾ ಆರಿಸಿದ್ದೋ ಅದೇ ಹೋಗುತ್ತದೆ. ಒಣಗಿದ ಮೇಲೆ ಮತ್ತೆ ತಟ್ಟಿ ನೋಡಿದಾಗ 1160 ಹರ್ಟ್ಜ್, ವಾರ್ನಿಶ್ ಹಾಕುವ ಮೊದಲೂ ಅಷ್ಟೇ ಇತ್ತು.

ಅಂಟು ನೀರಿನದೇ. ಆವಿಯಾಗುವ ದ್ರಾವಕದ ವೇಗದ ಅಂಟನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2008ರಲ್ಲಿ ನಿಷೇಧಿಸಿದ್ದಾರೆ. ಬ್ಲೇಡ್ ಮೇಲೆ ಒಂದು ತೆಳು ಪದರ, ಸ್ಪಂಜಿನ ಮೇಲೆ ಎರಡು, ಪ್ರತಿಯೊಂದೂ ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುವವರೆಗೆ ಕಾಯಬೇಕು. ಅರ್ಧ ಒಣಗಿದ್ದಾಗ ಅಂಟಿಸಿದರೆ ತೇವ ಮರಕ್ಕೆ ಇಳಿದು ಗುಳ್ಳೆ ಏಳುತ್ತದೆ. ಹಿಡಿಯ ಕಡೆಯಿಂದ ಶುರುಮಾಡಿ ರಬ್ಬರನ್ನು ಎಳೆಯದೆ ಉರುಳಿಸುತ್ತ ಕೂರಿಸಬೇಕು. ಎಳೆದು ಅಂಟಿಸಿದ ರಬ್ಬರ್ ಕೆಲವೇ ದಿನದಲ್ಲಿ ಕುಗ್ಗಿ ಅಂಚಿನಲ್ಲಿ ಮರ ಕಾಣಿಸುತ್ತದೆ. ಅದನ್ನು ಮುಂದೆ ಕೀಳುವಾಗ ಹಿಡಿಯ ಕಡೆಯಿಂದ ಎಳೆಯ ದಿಕ್ಕಿನಲ್ಲೇ ನಿಧಾನವಾಗಿ ಸುಲಿಯುವುದು, ಸಿಬಿರು ಏಳುವಂತೆ ಕಂಡರೆ ಅಲ್ಲೇ ನಿಲ್ಲಿಸಿ ಇನ್ನೊಂದು ಬದಿಯಿಂದ ಬರುವುದು.

ಸಿದ್ಧವಾದ ಬ್ಯಾಟ್ 177 ಗ್ರಾಂ.

ಮೂರು ತಿಂಗಳ ನಂತರ

ಮೊದಲ ಎರಡು ವಾರ ಪಂದ್ಯಗಳಲ್ಲಿ ಅವಳು ಹೆಚ್ಚು ಸೋತಳು. ಇದನ್ನು ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಮೂರನೇ ವಾರದಲ್ಲಿ ಕಾರ್ಬನ್ ಮತ್ತೆ ಕೈಗೆ ಬರುತ್ತದೆ. ಕಾರಣ ಸ್ಪಷ್ಟ: ಚಿಕ್ಕ ಬೀಸಿಗೆ ಹಳೆಯ ಬ್ಯಾಟ್ ಕೊಡುತ್ತಿದ್ದ ವೇಗ ಇಲ್ಲಿಲ್ಲ, ಚೆಂಡು ಟೇಬಲ್‌ನ ನಡುವೆ ಬಿದ್ದು ಎದುರಾಳಿಗೆ ಸುಲಭವಾಯಿತು. ಬೀಸು ಉದ್ದವಾದದ್ದು ನಾಲ್ಕನೇ ವಾರದ ಹೊತ್ತಿಗೆ.

ಹನ್ನೆರಡನೇ ವಾರದ ಎಣಿಕೆ: ಪುಶ್ 30, ಲೂಪ್ 33, ಬ್ಲಾಕ್ 31, ಹಿಂದಿನಿಂದ ಟಾಪ್‌ಸ್ಪಿನ್ 27. ಕಾರ್ಬನ್‌ನಲ್ಲಿ ಇದೇ ರಬ್ಬರಿನಲ್ಲಿ ಹಿಂದಿನಿಂದ ಬಂದಿದ್ದದ್ದೂ 27. ಒಂದೇ ಸಂಖ್ಯೆ, ಆದರೆ ಈಗಿನ ಚೆಂಡು ಬಿದ್ದ ಮೇಲೆ ಮುಂದಕ್ಕೆ ಜಿಗಿಯುತ್ತದೆ, ಸ್ಪಿನ್ ಹೆಚ್ಚು.

ಬ್ಯಾಕ್‌ಹ್ಯಾಂಡ್‌ನ 1.8 ಸ್ಪಂಜು ಫ್ಲಿಕ್ (ಚಿಕ್ಕ ಚೆಂಡನ್ನು ಮಣಿಕಟ್ಟಿನಿಂದ ಥಟ್ಟನೆ ಹೊಡೆಯುವುದು) ಮಾಡುವಾಗ ತೆಳುವಾಯಿತು ಎಂದು ಅವಳಿಗೆ ಅನಿಸುತ್ತಿದೆ. ಅದೇ ರಬ್ಬರಿನ 2.0 ಹಾಕಿದರೆ ಎರಡು ಗ್ರಾಂನಷ್ಟು ಏರಿ ಬ್ಯಾಟ್ 179 ಆಗುತ್ತದೆ, ಮಿತಿಗಿಂತ ಒಂದು ಹೆಚ್ಚು. ಈಗಿನ ರಬ್ಬರ್ ಸವೆಯುವವರೆಗೆ ಕಾದು, ಬದಲಿಸುವಾಗ ಫೋರ್‌ಹ್ಯಾಂಡ್‌ಗೆ ಹಗುರವಾದ ಹಾಳೆ ಆರಿಸಿ ಆ ಒಂದು ಗ್ರಾಂ ಹೊಂದಿಸುವುದೆಂದು ನಿಶ್ಚಯವಾಗಿದೆ. ಬ್ಲೇಡ್ ಅದೇ ಇರುತ್ತದೆ.